ಕೊಡಗಿನಲ್ಲಿ ಊರ ಈಜುಕೊಳ ನಡೆಸುವ ಬಗೆ: ಮಳೆಯಿಂದ ಮಳೆಗೆ

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ನಮ್ಮ ಸಂಘದ್ದೊಂದು ಕೊಳ ಇದೆ, ನೀರು ಹಸಿರಾಗಿದೆ, ಏಪ್ರಿಲ್‌ನಲ್ಲಿ ಮಕ್ಕಳಿಗೆ ಶಿಬಿರ ಇಟ್ಟುಕೊಂಡಿದ್ದೇವೆ, ಯಾವ ಪುಡಿ ಹಾಕಬೇಕು?" ಪುಡಿಯ ಹೆಸರು ಹೇಳಿ ಮುಗಿಸಬಹುದು. ಆದರೆ ಆ ನೀರು ಕೆಟ್ಟದ್ದು ಫೆಬ್ರವರಿಯಲ್ಲಲ್ಲ. ಹಿಂದಿನ ಜೂನ್‌ನಲ್ಲಿ ಮಳೆ ಹಿಡಿಯಿತೆಂದು ಮೋಟರ್ ನಿಲ್ಲಿಸಿ, ಗೇಟಿಗೆ ಬೀಗ ಹಾಕಿ ಹೋದಿರಲ್ಲ, ಅವತ್ತು. ಕೊಡಗಿನಲ್ಲಿ ಈಜುಕೊಳ ನಡೆಸುವವರಿಗೆ ಜನ ಈಜುವ ತಿಂಗಳುಗಳಿಗಿಂತ ಯಾರೂ ಈಜದ ತಿಂಗಳುಗಳಲ್ಲೇ ಕೆಲಸ ಜಾಸ್ತಿ. ಬಯಲುಸೀಮೆಯ ಕೊಳಗಳಿಗೆ ಬರೆದ ಕೈಪಿಡಿಗಳಲ್ಲಿ ಈ ಮಾತು ಇರುವುದಿಲ್ಲ, ಹಾಗಾಗಿ ಈ ಬರಹ.

ಇದು ಸಂಘ, ಪಂಚಾಯಿತಿ, ಕ್ಲಬ್ ಅಥವಾ ಶಾಲೆ ನಡೆಸುವ ಬಯಲು ಕೊಳಕ್ಕೆ ಬರೆದದ್ದು. ಹೋಂಸ್ಟೇಯ ಅಂಗಳದ ಪುಟ್ಟ ತೊಟ್ಟಿಗೆ ನೀರಿನ ಲೆಕ್ಕವಷ್ಟೇ ಉಪಯೋಗಕ್ಕೆ ಬಂದೀತು.

1. ಮೊದಲು ಹೊಣೆ ಯಾರದೆಂದು ಬರೆದಿಡಿ

ಎಲ್ಲರ ಕೊಳ ಅಂದರೆ ಕೊನೆಗೆ ಯಾರದ್ದೂ ಅಲ್ಲದ ಕೊಳ. ನಡೆಸುವುದಕ್ಕೆ ಒಂದು ನೋಂದಾಯಿತ ಸಂಘ ಇರಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಾಕು. ಸಮಿತಿಯಲ್ಲಿ ಹದಿನೈದು ಜನ ಇರಲಿ, ಪರವಾಗಿಲ್ಲ. ಆದರೆ "ಇವತ್ತು ಕೊಳ ತೆರೆಯಬೇಕೋ ಬೇಡವೋ" ಎಂದು ತೀರ್ಮಾನಿಸುವವರು ಒಬ್ಬರೇ ಇರಬೇಕು, ಅವರ ಮಾತನ್ನು ಅಧ್ಯಕ್ಷರೂ ಮೀರಕೂಡದು. ನೀರು ಮಬ್ಬಾಗಿದ್ದರೂ "ಗಣ್ಯರು ಬಂದಿದ್ದಾರೆ, ಇವತ್ತೊಂದು ದಿನ ಬಿಡಿ" ಎನ್ನುವ ಒತ್ತಡ ಬಂದೇ ಬರುತ್ತದೆ.

ಸ್ಥಳೀಯ ಸಂಸ್ಥೆಯ ಪರವಾನಗಿ, ವಿದ್ಯುತ್ ಸಂಪರ್ಕದ ಮಂಜೂರಾತಿ, ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಎಲ್ಲದರ ಪ್ರತಿಗಳೂ ಒಂದೇ ಕಡತದಲ್ಲಿರಲಿ. ಈ ವಿಮೆ ಎಂದರೆ ಕೊಳದಲ್ಲಿ ಹೊರಗಿನವರಿಗೆ ಅಪಘಾತವಾದಾಗ ಸಂಘದ ಮೇಲೆ ಬೀಳುವ ಪರಿಹಾರವನ್ನು ಭರಿಸುವ ಪಾಲಿಸಿ. ಪೋಷಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಆದರೆ ಅದು ನಿಮ್ಮ ನಿರ್ಲಕ್ಷ್ಯವನ್ನು ಮುಚ್ಚಿಹಾಕುತ್ತದೆಂದು ಭಾವಿಸಬೇಡಿ.

2. ಕೊಳದಲ್ಲಿ ನೀರೆಷ್ಟು? ಗೋಡೆಯ ಮೇಲೆ ಬರೆಯಿರಿ

ಮುಂದಿನ ಲೆಕ್ಕಗಳೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿವೆ. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಮೀಟರ್‌ನಲ್ಲಿ ಗುಣಿಸಿ, ಸಾವಿರದಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್ ಆಳ ಇರುವ ಕೊಳದ ಸರಾಸರಿ ಆಳ 1.4 ಮೀಟರ್. ಅಂದರೆ 4,37,500 ಲೀಟರ್. ಈ ಲೇಖನದ ಲೆಕ್ಕಗಳಿಗೆಲ್ಲ ಈ ಕೊಳವೇ ಉದಾಹರಣೆ. ಪಂಪ್‌ಹೌಸ್ ಗೋಡೆಯ ಮೇಲೆ ನಿಮ್ಮ ಕೊಳದ ಸಂಖ್ಯೆಯನ್ನು ಪೇಂಟಿನಲ್ಲೇ ಬರೆಸಿ. ಪಂಪು ನೋಡಿಕೊಳ್ಳುವ ಹುಡುಗರು ಬದಲಾಗುತ್ತಿರುತ್ತಾರೆ, ಗೋಡೆ ಅಲ್ಲೇ ಇರುತ್ತದೆ.

3. ನೀರು ಎಲ್ಲಿಂದ?

ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತ ತೋಟದವರು ಕೆರೆಯ ನೀರನ್ನು ಸ್ಪ್ರಿಂಕ್ಲರ್‌ಗೆ ಎತ್ತುವ ಹೊತ್ತಿನಲ್ಲಿ, ಅಂದರೆ ಫೆಬ್ರವರಿ–ಮಾರ್ಚ್‌ನಲ್ಲಿ, ನೀವು ನಾಲ್ಕು ಲಕ್ಷ ಲೀಟರ್ ನೀರು ಕೇಳಲು ಹೊರಟರೆ ಊರಿನವರ ಜಗಳ ಮೈಮೇಲೆ ಎಳೆದುಕೊಂಡಂತೆ. ಮಳೆಗಾಲದ ಕೊನೆಗೆ ಕೊಳ ತುಂಬಿಯೇ ಇರುತ್ತದೆ. ಆ ನೀರನ್ನೇ ಶುದ್ಧ ಮಾಡಿ ಉಳಿಸಿಕೊಳ್ಳಿ. "ಪ್ರತಿ ವರ್ಷ ಕೊಳ ಖಾಲಿ ಮಾಡಿ ಹೊಸ ನೀರು ತುಂಬಿಸಬೇಕು" ಎಂಬ ನಿಯಮ ಯಾರು ಮಾಡಿದರೋ ಗೊತ್ತಿಲ್ಲ. ಸರಿಯಾಗಿ ನೋಡಿಕೊಂಡ ನೀರಿಗೆ ಅದರ ಅಗತ್ಯವಿಲ್ಲ.

ಬೋರ್‌ವೆಲ್ ನೀರು ಬಿಡುವ ಮುಂಚೆ ಒಂದು ಬಕೆಟ್ ಪರೀಕ್ಷೆ ಮಾಡಿ. ಬಿಳಿ ಬಕೆಟ್‌ನಲ್ಲಿ ಆ ನೀರು ಹಿಡಿದು, ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಚಹಾದ ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಂಚು ಗಸಿ ನಿಂತಿದ್ದರೆ ಕಬ್ಬಿಣದ ಅಂಶ ಇದೆ ಎಂದರ್ಥ. ಕೆಮ್ಮಣ್ಣಿನ ಜಾಗಗಳಲ್ಲಿ ಇದು ಸಾಮಾನ್ಯ. ಗೊತ್ತಿಲ್ಲದೆ ಕೊಳಕ್ಕೆ ತುಂಬಿಸಿ ಕ್ಲೋರಿನ್ ಹಾಕಿದರೆ ಇಡೀ ಕೊಳ ರಾತ್ರೋರಾತ್ರಿ ಕಂದಾಗುತ್ತದೆ, ಟೈಲ್ಸ್ ಮೇಲೆ ಕಲೆ ಕೂರುತ್ತದೆ. ಅಂಥ ನೀರೇ ಗತಿಯಾದರೆ ಬೇರೆ ತೊಟ್ಟಿಯಲ್ಲಿ ಗಾಳಿಯಾಡಿಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಬಿಡಿ.

ನಮ್ಮ ಕಡೆಯ ನೀರಿಗೆ ಇನ್ನೊಂದು ಗುಣ ಇದೆ: ತೀರಾ ಮೃದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಪಾತ್ರೆಗೆ ಬಿಳಿ ಪೊರೆ ಕಟ್ಟುವುದಿಲ್ಲ. ಮನೆಗೆ ವರ, ಕೊಳಕ್ಕೆ ಶಾಪ. ಸುಣ್ಣದ ಅಂಶ ಕಡಿಮೆ ಇರುವ ನೀರು ಅದನ್ನು ಟೈಲ್ಸ್ ಸಂದಿನ ಸಿಮೆಂಟಿನಿಂದ ಎಳೆದುಕೊಳ್ಳುತ್ತದೆ. ಎರಡು ಮೂರು ವರ್ಷಕ್ಕೇ ಟೈಲ್ಸ್ ಏಳುವುದು ಮೇಸ್ತ್ರಿಯ ತಪ್ಪೆಂದು ಬೈಯುವ ಮೊದಲು ನೀರಿನ ಗಡಸುತನ ನೋಡಿಸಿ. ಅದು 200ರಿಂದ 400 ಪಿಪಿಎಂ ನಡುವೆ ಇರಬೇಕು. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಎಂದುಕೊಂಡರೆ ಸಾಕು. ಕಡಿಮೆ ಬಂದರೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಬೇಕು.

4. ಸೋಸುವ ಯಂತ್ರ

ಇಡೀ ಕೊಳದ ನೀರು ಒಮ್ಮೆ ಫಿಲ್ಟರ್ ಮೂಲಕ ಹಾದುಬರಲು ಹಿಡಿಯುವ ಹೊತ್ತಿಗೆ ಒಂದು ಸುತ್ತು ಎನ್ನೋಣ. ಸಾರ್ವಜನಿಕ ಕೊಳಕ್ಕೆ ಒಂದು ಸುತ್ತು ಆರು ಗಂಟೆಯೊಳಗೆ ಮುಗಿಯಬೇಕು. ನಮ್ಮ ಉದಾಹರಣೆಯ ಕೊಳಕ್ಕೆ ಪಂಪು ಗಂಟೆಗೆ ಸುಮಾರು 73,000 ಲೀಟರ್ ಎಳೆಯಬೇಕು. ಒಂದು ಸುತ್ತು ಮುಗಿದರೆ ಪೂರಾ ನೀರು ಸೋಸಿತು ಎಂದುಕೊಳ್ಳಬೇಡಿ. ಸೋಸಿದ ನೀರು ಸೋಸದ ನೀರಿನ ಜೊತೆ ಬೆರೆಯುತ್ತಲೇ ಇರುವುದರಿಂದ ಮೊದಲ ಸುತ್ತಿನಲ್ಲಿ ಮೂರನೇ ಎರಡಕ್ಕಿಂತ ಸ್ವಲ್ಪ ಕಡಿಮೆ ಪಾಲು ಮಾತ್ರ ಫಿಲ್ಟರ್ ಕಾಣುತ್ತದೆ. ಮೂರು ಸುತ್ತಾದಾಗ 95 ಶೇಕಡಾ. "ಮೂರು ಗಂಟೆ ಮೋಟರ್ ಓಡಿಸಿದೆವು, ಆದರೂ ನೀರು ತಿಳಿಯಾಗಲಿಲ್ಲ" ಎನ್ನುವವರಿಗೆ ಉತ್ತರ ಇಲ್ಲಿದೆ.

ಮರಳಿನ ಫಿಲ್ಟರ್ ಇದ್ದರೆ ಅದರ ಒತ್ತಡದ ಮಾಪಕವನ್ನು ದಿನಾ ನೋಡಿ. ತೊಳೆದ ಕೂಡಲೇ ತೋರಿಸಿದ ಅಂಕಿಗಿಂತ ಅರ್ಧ ಬಾರ್‌ನಷ್ಟು ಏರಿದರೆ ಬ್ಯಾಕ್‌ವಾಶ್ ಮಾಡಬೇಕು. ನೀರನ್ನು ಉಲ್ಟಾ ಹರಿಸಿ ಮರಳಿನಲ್ಲಿ ಸಿಕ್ಕಿದ ಕೊಳೆ ಹೊರಹಾಕುವುದೇ ಬ್ಯಾಕ್‌ವಾಶ್. ಗಾಜಿನ ಕಿಟಕಿಯಲ್ಲಿ ನೀರು ತಿಳಿಯಾಗಿ ಕಾಣುವವರೆಗೆ, ಎರಡು ಮೂರು ನಿಮಿಷ ಸಾಕು. ಪಂಪು ನಿಲ್ಲಿಸದೆ ವಾಲ್ವ್ ತಿರುಗಿಸಬೇಡಿ. ಒಳಗಿನ ರಬ್ಬರ್ ಹರಿಯುತ್ತದೆ. ಒಂದು ಎಚ್ಚರಿಕೆ: ಒತ್ತಡ ಏರದಿದ್ದರೂ ದಿನಾ ತೊಳೆಯುವವರಿದ್ದಾರೆ. ತುಸು ಕೊಳೆ ಹಿಡಿದ ಮರಳೇ ಚೆನ್ನಾಗಿ ಸೋಸುವುದು.

ಬ್ಯಾಕ್‌ವಾಶ್ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಕೊಳವೆಯ ಜೊತೆಗೇ ನಡೆದುಕೊಂಡು ಹೋಗಿ ನೋಡಿ. ಕ್ಲೋರಿನ್ ಇರುವ ನೀರು ಪಕ್ಕದವರ ಗದ್ದೆಗೋ ತೋಡಿಗೋ ಮೀನಿರುವ ಕೆರೆಗೋ ಇಳಿಯಬಾರದು. ಒಂದು ಗುಂಡಿಯಲ್ಲಿ ಬಿಸಿಲಿಗೆ ಎರಡು ಮೂರು ದಿನ ನಿಲ್ಲಿಸಿದರೆ ಕ್ಲೋರಿನ್ ಹೋಗುತ್ತದೆ, ಆಮೇಲೆ ತೋಟಕ್ಕೆ ಬಿಡಿ.

ವಿದ್ಯುತ್ತಿನ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಪಂಪ್‌ಹೌಸ್‌ಗೆ ಸರಿಯಾದ ಅರ್ತಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಕರೆಂಟು ಸೋರಿದ ಕ್ಷಣದಲ್ಲಿ ಲೈನು ಕಡಿಯುವ ಸಾಧನ ಅದು. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ ನೋಡಿ. ನೀರೊಳಗಿನ ದೀಪಗಳು 12 ವೋಲ್ಟಿನವೇ ಆಗಿರಲಿ. ತಳದ ಡ್ರೈನಿನ ಜಾಲರಿ ಒಡೆದಿದ್ದರೆ ಅದನ್ನು ಬದಲಿಸುವವರೆಗೆ ಕೊಳ ತೆರೆಯಬೇಡಿ. ಪಂಪಿನ ಎಳೆತಕ್ಕೆ ಮಗುವಿನ ಕೂದಲೋ ಕೈಯೋ ಸಿಕ್ಕಿಕೊಂಡರೆ ದೊಡ್ಡವರು ಜಗ್ಗಿದರೂ ಬಿಡಿಸುವುದು ಕಷ್ಟ.

5. ರಾಸಾಯನಿಕ: ಎಲ್ಲರೂ ಎಡವುವ ಜಾಗ

ಕೊಳದ ಹತ್ತಿರ ಹೋದರೆ ಮೂಗಿಗೆ ಘಾಟು ಬಡಿಯುತ್ತದೆ, ಮಕ್ಕಳ ಕಣ್ಣು ಕೆಂಪಾಗುತ್ತದೆ. ಸಮಿತಿಯವರು "ಕ್ಲೋರಿನ್ ಜಾಸ್ತಿಯಾಯಿತು, ಎರಡು ದಿನ ಹಾಕಬೇಡಿ" ಎನ್ನುತ್ತಾರೆ. ಸಾಮಾನ್ಯವಾಗಿ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್ ಎಂಬ ವಸ್ತುವಿನ ಘಾಟು ಅದು. ದುಡಿಯಬೇಕಾದ ಕ್ಲೋರಿನ್ ಮುಗಿದಿದೆ, ಹೆಚ್ಚು ಹಾಕಬೇಕಿದೆ ಎಂದು ಅದರ ಅರ್ಥ.

ಇನ್ನೂ ಬಳಕೆಯಾಗದೆ, ರೋಗಾಣು ಕೊಲ್ಲಲು ಸಿದ್ಧವಾಗಿರುವುದು ಮುಕ್ತ ಕ್ಲೋರಿನ್. ಇದು ಯಾವಾಗಲೂ 1ರಿಂದ 3 ಪಿಪಿಎಂ ಒಳಗಿರಲಿ. ಕೊಳೆಯ ಜೊತೆ ಸೇರಿ ಸುಸ್ತಾದದ್ದು ಸೇರಿದ ಕ್ಲೋರಿನ್. ಅರ್ಧ ಪಿಪಿಎಂ ದಾಟಿದರೆ ಆಘಾತ ಚಿಕಿತ್ಸೆ ಬೇಕು: ಸೇರಿದ ಕ್ಲೋರಿನ್ ಎಷ್ಟಿದೆಯೋ ಅದರ ಹತ್ತು ಪಟ್ಟು ಕ್ಲೋರಿನ್ ಅನ್ನು ರಾತ್ರಿ ಒಮ್ಮೆಗೇ ಹಾಕಿ, ಮಟ್ಟ 3ಕ್ಕೆ ಇಳಿಯುವವರೆಗೆ ಯಾರನ್ನೂ ಇಳಿಸಬಾರದು.

ಇದನ್ನು ಅಳೆಯಲು ಡಿಪಿಡಿ ಕಿಟ್ ಕೊಳ್ಳಿ. ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು ಡಿಪಿಡಿ. ಹಳದಿಗೆ ತಿರುಗುವ ಅಗ್ಗದ ಕಿಟ್ ಮುಕ್ತ, ಸೇರಿದ ಎರಡನ್ನೂ ಕೂಡಿಸಿ ತೋರಿಸುತ್ತದೆ. ಘಾಟು ಬರುವ ಕೊಳದಲ್ಲೂ "ಎಲ್ಲ ಸರಿ" ಎನ್ನುತ್ತದೆ. ಡಿಪಿಡಿಗೂ ಒಂದು ಮೋಸ ಇದೆ. ಕ್ಲೋರಿನ್ ವಿಪರೀತ ಇದ್ದರೆ ಬಣ್ಣವೇ ಬಿಳುಚಿ ನೀರು ಸಾದಾ ಕಾಣುತ್ತದೆ. ಕ್ಲೋರಿನ್ ಇಲ್ಲವೆಂದು ಇನ್ನಷ್ಟು ಸುರಿಯುವ ಮುನ್ನ ಮಾದರಿಗೆ ಒಳ್ಳೆಯ ಕುಡಿಯುವ ನೀರು ಬೆರೆಸಿ ಮತ್ತೊಮ್ಮೆ ನೋಡಿ.

ಇನ್ನು ಪಿಎಚ್. ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ, 7 ನಡುಮಟ್ಟ. ಕೊಳಕ್ಕೆ 7.2ರಿಂದ 7.6 ಒಳ್ಳೆಯದು. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಡಬ್ಬಿ, ಅದೇ ದುಡ್ಡು, ಅರ್ಧ ಕೆಲಸ.

ಪಿಎಚ್ ಅನ್ನು ಹಿಡಿದು ನಿಲ್ಲಿಸುವುದು ಕ್ಷಾರಗುಣ. ಎತ್ತಿನಗಾಡಿಗೆ ಹಿಂದೆ ಕಟ್ಟುವ ತಡೆಮರದ ಹಾಗೆ, ಏಕಾಏಕಿ ಓಡಲು ಬಿಡುವುದಿಲ್ಲ. 80ರಿಂದ 120 ಪಿಪಿಎಂ ಬೇಕು. ಮಳೆನೀರಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ನಮ್ಮ ಕೊಳಗಳಲ್ಲಿ ಮೊದಲು ಕುಸಿಯುವುದೂ ಇದೇ. ಏರಿಸಲು ಅಡುಗೆ ಸೋಡಾ ಸಾಕು. ನಮ್ಮ ಉದಾಹರಣೆಯ ಕೊಳಕ್ಕೆ 10 ಪಿಪಿಎಂ ಏರಿಸಲು ಸುಮಾರು ಏಳೂವರೆ ಕಿಲೋ ಹಿಡಿಯುತ್ತದೆ. ಮೊದಲು ಕ್ಷಾರಗುಣ, ಆಮೇಲೆ ಪಿಎಚ್, ಕೊನೆಗೆ ಕ್ಲೋರಿನ್, ಈ ಕ್ರಮ ತಪ್ಪಿಸಬೇಡಿ.

ಯಾವ ಕ್ಲೋರಿನ್ ಕೊಳ್ಳಬೇಕು? ಅದೇ ಕೊಳದಲ್ಲಿ ಮುಕ್ತ ಕ್ಲೋರಿನ್ 1 ಪಿಪಿಎಂ ಏರಿಸಲು ಬೇಕಾಗುವುದು ಇಷ್ಟು: 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 670 ಗ್ರಾಂ, 90 ಶೇಕಡಾದ ಟಿಸಿಸಿಎ (ಟ್ರೈಕ್ಲೋರೋ ಐಸೋಸೈನೂರಿಕ್ ಆಮ್ಲ) ಆದರೆ 490 ಗ್ರಾಂ, 10 ಶೇಕಡಾದ ದ್ರವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಆದರೆ 4.4 ಲೀಟರ್. ಗ್ರಾಂ ಲೆಕ್ಕದಲ್ಲಿ ಟಿಸಿಸಿಎ ಲಾಭವೆಂದು ಕಾಣುತ್ತದೆ, ಅಂಗಡಿಯವರೂ ಅದನ್ನೇ ಕೊಡುತ್ತಾರೆ. ಆದರೆ ಅದು ಹುಳಿ ಜಾತಿಯದು. ಮೊದಲೇ ಕ್ಷಾರಗುಣವಿಲ್ಲದ ನಮ್ಮ ಮೃದು ನೀರಿಗೆ ಅದನ್ನೇ ದಿನಾ ಹಾಕಿದರೆ ಪಿಎಚ್ ಧಡಕ್ಕನೆ ಬೀಳುತ್ತದೆ. ಜೊತೆಗೆ ಪ್ರತಿ ಸಲವೂ ಸೈನೂರಿಕ್ ಆಮ್ಲ ಸೇರುತ್ತ ಹೋಗುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಯುವ ವಸ್ತು ಅದು; 30ರಿಂದ 50 ಪಿಪಿಎಂ ಇದ್ದರೆ ಕ್ಲೋರಿನ್ನಿಗೆ ಕೊಡೆ ಹಿಡಿದಂತೆ, 100 ದಾಟಿದರೆ ಕೈಕಟ್ಟಿ ಹಾಕಿದಂತೆ. ನನ್ನ ಅನುಭವದಲ್ಲಿ ಕೊಡಗಿಗೆ ಕ್ಯಾಲ್ಸಿಯಂ ಹೈಪೋ ಒಳ್ಳೆಯ ಜೋಡಿ, ಏಕೆಂದರೆ ನೀರಿಗೆ ಕೊರತೆಯಿರುವ ಸುಣ್ಣದ ಅಂಶವನ್ನೂ ಅದೇ ಸ್ವಲ್ಪ ಸ್ವಲ್ಪ ತುಂಬುತ್ತದೆ. ದ್ರವ ಹೈಪೋ ಅಗ್ಗ, ಆದರೆ ಕ್ಯಾನಿನಲ್ಲೇ ಸತ್ವ ಕಳೆದುಕೊಳ್ಳುತ್ತದೆ. ತಿಂಗಳಿಗಿಂತ ಹಳೆಯದನ್ನು ನಂಬಬೇಡಿ.

ಈಗ ಹೇಳುವುದನ್ನು ಪಂಪ್‌ಹೌಸ್ ಬಾಗಿಲಿಗೆ ಅಂಟಿಸಿ:

ಕ್ಯಾಲ್ಸಿಯಂ ಹೈಪೋ ಅಳೆದ ಚಮಚದಿಂದ ಟಿಸಿಸಿಎ ಅಳೆಯಬೇಡಿ. ಎರಡೂ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಬಹುದು.
ಹೈಪೋ ಮತ್ತು ಆ್ಯಸಿಡ್ ಒಂದೇ ಕಪಾಟಿನಲ್ಲಿ ಬೇಡ. ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಅದು ಶ್ವಾಸಕೋಶವನ್ನೇ ಸುಡುತ್ತದೆ.
ನೀರಿಗೆ ಆ್ಯಸಿಡ್ ಹಾಕಿ. ಆ್ಯಸಿಡ್‌ಗೆ ನೀರು ಯಾವತ್ತೂ ಬೇಡ.
ಜನ ನೀರಿನಲ್ಲಿರುವಾಗ ಯಾವುದನ್ನೂ ಕೈಯಲ್ಲಿ ಸುರಿಯಬೇಡಿ.

ಮಗು ನೀರಿನಲ್ಲಿ ಕಕ್ಕಸು ಮಾಡಿಕೊಂಡರೆ? ಆಗುತ್ತದೆ, ಮುಚ್ಚಿಡಬೇಡಿ. ಎಲ್ಲರನ್ನೂ ಮೇಲೆ ಹತ್ತಿಸಿ. ಗಟ್ಟಿಯಾಗಿದ್ದರೆ ಬಲೆಯಲ್ಲಿ ತೆಗೆದು, ಪಿಎಚ್ 7.5ರ ಒಳಗಿಟ್ಟು, ಮುಕ್ತ ಕ್ಲೋರಿನ್ 2 ಪಿಪಿಎಂನಲ್ಲಿ ಅರ್ಧ ಗಂಟೆ ಕಾದರೆ ಸಾಕು. ಭೇದಿಯಾಗಿದ್ದರೆ ಮಾತೇ ಬೇರೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸಾಮಾನ್ಯ ಕ್ಲೋರಿನ್ನಿಗೆ ಬಗ್ಗುವುದಿಲ್ಲ. ಸೈನೂರಿಕ್ ಆಮ್ಲ ಬಳಸದ ಕೊಳದಲ್ಲೂ 20 ಪಿಪಿಎಂನಲ್ಲಿ ಹದಿಮೂರು ಗಂಟೆಯ ಹತ್ತಿರ ಬೇಕು, ಬಳಸಿದ್ದರೆ ಇನ್ನೂ ಹೆಚ್ಚು. ಅಂದರೆ ಆ ದಿನದ ಬ್ಯಾಚುಗಳೆಲ್ಲ ರದ್ದು.

6. ಕಾವಲು

ಮುಳುಗುವವರು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಇಳಿದಾಗ ಉಸಿರಿಗೇ ಪುರುಸೊತ್ತಿಲ್ಲ, ಕೂಗುವುದೆಲ್ಲಿ ಬಂತು. ಪಕ್ಕದಲ್ಲೇ ಮೂವತ್ತು ಮಕ್ಕಳು ಗಲಾಟೆ ಮಾಡುತ್ತಿರುವಾಗ ಒಂದು ಮಗು ಸದ್ದಿಲ್ಲದೆ ತಳ ಸೇರಬಹುದು. ಜೀವರಕ್ಷಕರು ಹತ್ತು ಸೆಕೆಂಡಿಗೊಮ್ಮೆ ತಮ್ಮ ಪಾಲಿನ ನೀರನ್ನು ತಳದವರೆಗೆ ನೋಡಬೇಕು, ಕಂಡ ಇಪ್ಪತ್ತು ಸೆಕೆಂಡಿನೊಳಗೆ ತಲುಪಬೇಕು. ಇಷ್ಟು ಸಾಧ್ಯವಾಗಬೇಕಾದರೆ ಕೆಲವು ನಿಯಮ ಬೇಕು.

ಜೀವರಕ್ಷಕರಿಗೆ ಟಿಕೆಟ್ ಹರಿಯುವ, ಟವೆಲ್ ಕೊಡುವ, ಈಜು ಕಲಿಸುವ ಕೆಲಸ ವಹಿಸಬೇಡಿ. ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ. ಮೊಬೈಲ್ ಕಚೇರಿಯಲ್ಲಿರಲಿ. ಅತಿ ಆಳದ ಜಾಗದ ತಳದ ಜಾಲರಿ ದಡದಲ್ಲಿ ನಿಂತವರಿಗೆ ಸ್ಪಷ್ಟ ಕಾಣದಿದ್ದರೆ ಅವತ್ತು ಕೊಳ ಮುಚ್ಚಿ, ಚರ್ಚೆಯೇ ಬೇಡ.

ಸಲಕರಣೆ ಹೆಚ್ಚೇನೂ ಬೇಡ: ರೆಸ್ಕ್ಯೂ ಟ್ಯೂಬ್, ಹಗ್ಗ ಕಟ್ಟಿದ ತೇಲುಬಳೆ, ಉದ್ದನೆಯ ಕೋಲು. ಕೋಲಿಗೆ ದುಡ್ಡು ಸುರಿಯಬೇಕಿಲ್ಲ. ಗಂಟು ನುಣುಪು ಮಾಡಿದ ನಾಲ್ಕು ಮೀಟರಿನ ಒಳ್ಳೆಯ ಬಿದಿರು ಇದ್ದರೆ ಆಯಿತು.

ನೀರಿನಿಂದ ತೆಗೆದವರನ್ನು ತಲೆಕೆಳಗು ಹಿಡಿಯುವುದು, ಹೊಟ್ಟೆ ಒತ್ತುವುದು, ಗಿರಗಿರ ತಿರುಗಿಸುವುದು ಇನ್ನೂ ನಿಂತಿಲ್ಲ. ಅವೆಲ್ಲ ಇರುವ ನಿಮಿಷಗಳನ್ನು ನುಂಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಅನಂತರ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೆ ಬಿಡದೆ ಮುಂದುವರಿಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ತೋಟದ ನಡುವಿನ ಕೊಳವಾದರೆ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮೊದಲೇ ಗುರುತು ಮಾಡಿಡಿ. ನಮ್ಮ ತಿರುವು ರಸ್ತೆಗಳಲ್ಲಿ ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಕಾಯುವುದೋ, ಒಂದು ಗಾಡಿ ಸಿದ್ಧವಿಟ್ಟುಕೊಂಡು ಎದುರು ಹೋಗುವುದೋ ಎಂಬುದೂ ಕಾಗದದ ಮೇಲಿರಲಿ. ಎದ್ದು ಕೂತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಹುಡುಗರ ಒಂದು ಆಟವನ್ನು ಕಂಡಲ್ಲೇ ನಿಲ್ಲಿಸಿ: ಜೋರಾಗಿ ಹತ್ತಾರು ಸಲ ಉಸಿರೆಳೆದುಕೊಂಡು ನೀರೊಳಗೆ ಯಾರು ಹೆಚ್ಚು ಹೊತ್ತು ಇರುತ್ತಾರೆಂಬ ಪಂದ್ಯ. ಉಸಿರು ಬೇಕೆನಿಸುವ ಮೊದಲೇ ಪ್ರಜ್ಞೆ ತಪ್ಪುತ್ತದೆ, ಒಳ್ಳೆಯ ಈಜುಗಾರರೇ ಹೀಗೆ ಹೋಗುವುದು.

ಇನ್ನೊಂದು ಕಾವಲು ಬಟ್ಟೆ ಬದಲಿಸುವ ಕೋಣೆಗೆ. ಅಲ್ಲಿ ಫೋನ್ ನಿಷೇಧ. ತರಬೇತುದಾರರೂ ಸೇರಿ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿರಲಿ. ಮಗು ಏನಾದರೂ ದೂರಿದರೆ "ಊರ ಮರ್ಯಾದೆ" ಎಂದು ಒಳಗೊಳಗೇ ತೀರ್ಮಾನ ಮಾಡುವ ಹಕ್ಕು ಸಮಿತಿಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ, 2012ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

7. ವರ್ಷದ ಕಾರ್ಯಕ್ರಮ ಜೋಡಿಸುವುದು

ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ, ಅಂದರೆ ಅಕ್ಟೋಬರ್ ನಡುವಿನಲ್ಲಿ, ಮಳೆ ಬಿಟ್ಟುಕೊಟ್ಟರೆ ಕೊಳ ತೆರೆಯಬಹುದು. ದಸರಾ ರಜೆ ಅದರ ಹತ್ತಿರವೇ ಬರುವುದರಿಂದ ಹತ್ತು ದಿನದ ಚಿಕ್ಕ ತರಗತಿ ಇಡಿ, ದೊಡ್ಡದು ಬೇಡ. ಸುಗ್ಗಿಹಬ್ಬ ಹುತ್ತರಿಯಿಂದ (ನವೆಂಬರ್ ಕೊನೆ ಅಥವಾ ಡಿಸೆಂಬರ್) ಜನವರಿ ಕೊನೆಯವರೆಗೆ ನೀರು ಕೊರೆಯುತ್ತದೆ, ತೋಟಗಳಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ಬೇರೆ. ಆಗ ಮಧ್ಯಾಹ್ನ ಒಂದು ಹೊತ್ತು ತೆರೆದರೆ ಸಾಕು. ಕಲಿಯುವ ಮಕ್ಕಳಿಗೆ ನೀರು 28 ಡಿಗ್ರಿಯ ಹತ್ತಿರ ಇದ್ದರೆ ಹಿತ. ತುಟಿ ನೀಲಿಯಾಗಿ ಹಲ್ಲು ಕಟಕಟ ಎನ್ನುವ ಮಗು ಏನನ್ನೂ ಕಲಿಯುವುದಿಲ್ಲ, ಮರುದಿನ ಬರುವುದೂ ಇಲ್ಲ. ಕುಶಾಲನಗರದ ಕಡೆ ಬಿಸಿಲು ಬೇಗ ಏರುತ್ತದೆ, ಮಡಿಕೇರಿಯ ಎತ್ತರದಲ್ಲಿ ತಡ. ಒಂದೇ ಜಿಲ್ಲೆ ಎಂದು ಒಂದೇ ವೇಳಾಪಟ್ಟಿ ನಕಲು ಮಾಡಬೇಡಿ.

ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಮಹಿಳೆಯರ ಬ್ಯಾಚಿಗೆ, ಮಂಡಿನೋವಿನ ಹಿರಿಯರು ಎದೆಮಟ್ಟದ ನೀರಿನಲ್ಲಿ ನಡೆಯುವುದಕ್ಕೆ ಅದೇ ಒಳ್ಳೆಯ ತಿಂಗಳು. ಮಹಿಳೆಯರ ಬ್ಯಾಚಿಗೆ ಜೀವರಕ್ಷಕರೂ ಮಹಿಳೆಯೇ ಇರಬೇಕು. ಇದೊಂದನ್ನು ಮಾಡದೆ "ನಮ್ಮ ಕಡೆ ಹೆಂಗಸರು ಬರುವುದಿಲ್ಲ" ಎನ್ನುವ ಸಮಿತಿಗಳು ಬಹಳ ಇವೆ.

ಏಪ್ರಿಲ್–ಮೇ ನಿಮ್ಮ ಸುಗ್ಗಿ. 21 ದಿನದ ಎರಡು ಶಿಬಿರ ಹಿಡಿಯುತ್ತವೆ. ಸಂಜೆ ಬ್ಯಾಚ್ ನಿಗದಿ ಮಾಡುವ ಮುನ್ನ ಆ ವರ್ಷದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಎಲ್ಲಿ, ಯಾವಾಗ ಎಂದು ನೋಡಿಕೊಳ್ಳಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು ಈಗ ಅರ್ಧ ಜಿಲ್ಲೆಯನ್ನೇ ಮೈದಾನಕ್ಕೆ ಎಳೆಯುತ್ತದೆ. ಫೈನಲ್ ದಿನ ನೀರಿನಲ್ಲಿ ನೀವೊಬ್ಬರೇ ಇರುತ್ತೀರಿ. ಅದಕ್ಕಿಂತ ಮುಖ್ಯ, ಈ ಎರಡು ತಿಂಗಳು ಮಧ್ಯಾಹ್ನದ ಮೇಲೆ ಗುಡುಗು ಮಳೆ. ಮಕ್ಕಳ ಬ್ಯಾಚುಗಳನ್ನೆಲ್ಲ ಬೆಳಿಗ್ಗೆ ಹತ್ತೂವರೆಯೊಳಗೆ ಮುಗಿಸಿ. ಗುಡುಗು ಕಿವಿಗೆ ಬಿದ್ದರೆ ಎಲ್ಲರೂ ನೀರಿನಿಂದ ಮೇಲೆ, ಸೂರಿನಡಿಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ವಾಪಸಿಲ್ಲ. "ಇನ್ನೂ ದೂರ ಇದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಶುಲ್ಕದ ಚೀಟಿಯಲ್ಲೇ ಗುಡುಗಿನಿಂದ ತಪ್ಪಿದ ತರಗತಿಗೆ ಏನು ವ್ಯವಸ್ಥೆ ಎಂದು ಅಚ್ಚು ಹಾಕಿಸಿ, ಗೇಟಿನಲ್ಲಿ ವಾದ ತಪ್ಪುತ್ತದೆ.

ಹೊಸಬರ ಗುಂಪಿನಲ್ಲಿ ಒಬ್ಬ ತರಬೇತುದಾರರಿಗೆ ಎಂಟು ಮಕ್ಕಳಿಗಿಂತ ಹೆಚ್ಚು ಬೇಡ. ಕಲಿಸುವ ಕ್ರಮ: ನೀರೊಳಗೆ ಬಾಯಿಯಿಂದ ಗುಳ್ಳೆ ಬಿಡುವುದು, ಬೆನ್ನ ಮೇಲೆ ತೇಲುವುದು, ಗೋಡೆ ಒದ್ದು ಜಾರುವುದು, ಕಾಲು ಬಡಿತ, ಆಮೇಲೆ ಕೈ. ಪೋಷಕರು ಮೂರನೇ ದಿನವೇ "ಫ್ರೀಸ್ಟೈಲ್ ಯಾವಾಗ?" ಎಂದು ಕೇಳುತ್ತಾರೆ. ತೇಲಲು ಬಾರದ ಮಗುವಿಗೆ ಫ್ರೀಸ್ಟೈಲ್ ಕಲಿಸುವುದು ಅಡಿಪಾಯವಿಲ್ಲದೆ ಹೆಂಚು ಹೊದಿಸಿದ ಹಾಗೆ.

ಕೊಡಗಿನ ಶಿಬಿರದಲ್ಲಿ ಕೊನೆಯ ಮೂರು ದಿನ ಬೇರೆಯೇ ಪಾಠ ಇರಬೇಕು. ನಮ್ಮ ಮಕ್ಕಳ ಕಾಲಡಿಗೆ ಇರುವುದು ಟೈಲ್ಸ್ ಹಾಕಿದ ಕೊಳವಲ್ಲ. ತೋಟದ ಕೆರೆ, ಹೊಳೆ, ಜಲಪಾತದ ಗುಂಡಿ. ಕೊಳದಲ್ಲಿ ನಾಲ್ಕು ಸುತ್ತು ಈಜಿದ ಹುಡುಗ ಕಡಿದಾದ ದಂಡೆ, ಕೆಸರು, ಸೆಳೆತ ಇರುವಲ್ಲಿ ಧೈರ್ಯವಾಗಿ ಇಳಿದುಬಿಡುತ್ತಾನೆ. ಅದಕ್ಕೇ ಅಂಗಿ ಚಡ್ಡಿ ಹಾಕಿಕೊಂಡೇ ಎರಡು ನಿಮಿಷ ತೇಲಿಸಿ. ಮುಳುಗುವವರ ಹಿಂದೆ ಹಾರದೆ ದಡದಿಂದಲೇ ಕೋಲು ಚಾಚುವುದು, ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯುವುದನ್ನು ಕಲಿಸಿ. ಲೈನ್‌ಮನೆಯ (ತೋಟದ ಕಾರ್ಮಿಕರ ವಸತಿಯ) ಮಕ್ಕಳಿಗೆ ಪ್ರತಿ ಬ್ಯಾಚಿನಲ್ಲೂ ಉಚಿತವಾಗಿ ಕೆಲವು ಜಾಗ ಮೀಸಲಿಡಿ. ಕೆರೆಯ ಪಕ್ಕ ಬೆಳೆಯುವವರು ಅವರೇ, ಶುಲ್ಕ ಕಟ್ಟಲಾಗದವರೂ ಅವರೇ.

8. ದುಡ್ಡು

ಆರು ತಿಂಗಳು ಬರುವ ಆದಾಯದಲ್ಲಿ ಹನ್ನೆರಡು ತಿಂಗಳ ಖರ್ಚು ನಡೆಯಬೇಕು. ಐದು ಎಚ್‌ಪಿ ಪಂಪು ದಿನಕ್ಕೆ 12 ಗಂಟೆ ಓಡಿದರೆ 45 ಯೂನಿಟ್, ತಿಂಗಳಿಗೆ 1,350. ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ಲಿನ ದರದಿಂದ ಗುಣಿಸಿ, ಕಾವಲಿನವರ ವರ್ಷಪೂರ್ತಿ ಸಂಬಳ, ರಾಸಾಯನಿಕ, ವಿಮೆ ಕೂಡಿಸಿ. ಆ ಮೊತ್ತವನ್ನು ಶಿಬಿರದ ಮಕ್ಕಳ ಸಂಖ್ಯೆಯಿಂದ ಭಾಗಿಸಿ ಶುಲ್ಕ ಇಡಬೇಕೇ ಹೊರತು ಪಕ್ಕದೂರಿನ ಶುಲ್ಕ ನೋಡಿ ಅಲ್ಲ. ಮೇ ತಿಂಗಳ ಗಳಿಕೆಯಲ್ಲಿ ಮಳೆಗಾಲದ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ.

9. ಮಳೆಗಾಲ

ಜೂನ್ ಮೊದಲ ವಾರ ಜನರಿಗೆ ಕೊಳ ಮುಚ್ಚಿ. ಮೋಟರಿಗೆ ರಜೆ ಇಲ್ಲ.

100 ಮಿಲಿಮೀಟರ್ ಮಳೆ ಬಿದ್ದರೆ ನಮ್ಮ ಉದಾಹರಣೆಯ ಕೊಳಕ್ಕೆ ಮೇಲಿನಿಂದ 31,250 ಲೀಟರ್ ಸೇರುತ್ತದೆ. ಮಡಿಕೇರಿ ಕಡೆ ಜುಲೈ ಒಂದರಲ್ಲೇ ಮಳೆ ಒಂದು ಮೀಟರಿನ ಆಸುಪಾಸು, ಅಂದರೆ ಮೂರು ಲಕ್ಷ ಲೀಟರಿಗೂ ಹೆಚ್ಚು. ಕೊಳದ ಮುಕ್ಕಾಲು ಪಾಲಿನ ಹತ್ತಿರದಷ್ಟು ನೀರು ನೀವು ಹಾಕಿದ ಕ್ಷಾರಗುಣ, ಗಡಸುತನ, ಸೈನೂರಿಕ್ ಎಲ್ಲವನ್ನೂ ಒಂದೇ ತಿಂಗಳಲ್ಲಿ ತೆಳು ಮಾಡಿ ಹೊರಗೆ ಚೆಲ್ಲುತ್ತದೆ.

ಕೊಳ ಖಾಲಿ ಮಾಡಿಟ್ಟರೆ ಈ ರಗಳೆಯೇ ಇಲ್ಲವಲ್ಲ ಎಂದು ಪ್ರತಿ ಸಮಿತಿಯಲ್ಲೂ ಒಬ್ಬರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಮಳೆಗಾಲದಲ್ಲಿ ನೆಲದೊಳಗಿನ ನೀರಿನ ಮಟ್ಟ ಕೊಳದ ತಳಕ್ಕಿಂತ ಮೇಲೇರುತ್ತದೆ. ಒಳಗೆ ನೀರಿನ ಭಾರ ಇಲ್ಲದಿದ್ದರೆ ಕೆಳಗಿನ ಒತ್ತಡ ಇಡೀ ಕಾಂಕ್ರೀಟ್ ತೊಟ್ಟಿಯನ್ನು ದೋಣಿಯ ಹಾಗೆ ಮೇಲಕ್ಕೆತ್ತುತ್ತದೆ ಅಥವಾ ತಳ ಸೀಳುತ್ತದೆ. ಟೈಲ್ಸ್ ರಿಪೇರಿಗಾಗಿ ಖಾಲಿ ಮಾಡಲೇಬೇಕಾದರೆ ಫೆಬ್ರವರಿ–ಮಾರ್ಚ್‌ನ ಒಣ ದಿನಗಳಲ್ಲಿ ಮಾಡಿ. ಆಗ ನೀರನ್ನು ಪಕ್ಕದ ತೋಟಕ್ಕೆ ಕೊಟ್ಟರೆ ಹಿಂದೆ ಹೇಳಿದ ಜಗಳವೂ ತಣ್ಣಗಾದೀತು, ಕ್ಲೋರಿನ್ ಇಳಿದ ಮೇಲೆ ಮಾತ್ರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವಾಡಿಕೆ ಹೀಗಿರಲಿ. ದಿನಕ್ಕೆ ಆರು ಗಂಟೆ ಪಂಪು. ಕರೆಂಟು ದಿನಗಟ್ಟಲೆ ಹೋಗುವುದು ಇಲ್ಲಿ ಹೊಸತಲ್ಲ. ಬಂದ ಕೂಡಲೇ ಮೊದಲು ಓಡಬೇಕಾದ್ದು ಅದು. ವಾರಕ್ಕೆರಡು ಸಲ ಕ್ಲೋರಿನ್ ಮತ್ತು ಪಿಎಚ್, ವಾರಕ್ಕೊಮ್ಮೆ ಕ್ಷಾರಗುಣ ನೋಡಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಮುಕ್ತ ಕ್ಲೋರಿನ್ 1ಕ್ಕಿಂತ ಕೆಳಗಿಳಿಯಲು ಬಿಡಬೇಡಿ. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಎಲೆ ಎರಡು ದಿನ ತಳದಲ್ಲಿ ಕೂತರೆ ಟೈಲ್ಸ್ ಮೇಲೆ ಅದರ ಅಚ್ಚೇ ಮೂಡುತ್ತದೆ, ಬಲೆ ಹಾಕುತ್ತಲೇ ಇರಬೇಕು. ಕಪ್ಪೆ ಮೊಟ್ಟೆ, ಎರೆಹುಳು, ಒಮ್ಮೊಮ್ಮೆ ಜಿಗಣೆ ಎಲ್ಲ ಬರುತ್ತವೆ. ಸೊಳ್ಳೆ ಮರಿ ಕಂಡರೆ ಮಾತ್ರ ಅದು ನಿಮ್ಮ ತಪ್ಪು, ಕ್ಲೋರಿನ್ ಇರುವ ನೀರಿನಲ್ಲಿ ಅದು ಹುಟ್ಟುವುದಿಲ್ಲ. ಉಕ್ಕಿ ಹರಿಯುವ ಕಾಲುವೆ ಕಟ್ಟಿಕೊಂಡರೆ ನೀರು ಪಂಪ್‌ಹೌಸ್‌ಗೆ ನುಗ್ಗಿ ಮೋಟರ್ ಸುಡುತ್ತದೆ. ಕೊಳದ ಮೇಲ್ಭಾಗದಲ್ಲಿ ಬರೆ (ಗುಡ್ಡದ ಕಡಿದಾದ ಅಂಚು) ಇದ್ದರೆ ಅಲ್ಲಿ ಬಿರುಕು ಬಿಟ್ಟಿದೆಯೇ ಎಂದು ವಾರಕ್ಕೊಮ್ಮೆ ನಡೆದು ನೋಡಿ. 2018ರ ಆಗಸ್ಟಿನ ಭೂಕುಸಿತ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೇಟಿಗೆ ಬೀಗ, ಸುತ್ತ ಬೇಲಿ ಮಳೆಗಾಲದಲ್ಲೂ ಗಟ್ಟಿಯಿರಲಿ. ಕಾವಲಿಲ್ಲದ ಕೊಳ ಚಿಕ್ಕ ಮಕ್ಕಳಿಗೆ ಕೆರೆಯಷ್ಟೇ ಅಪಾಯ. ಜುಲೈ 25 ವಿಶ್ವಸಂಸ್ಥೆ ಗೊತ್ತುಮಾಡಿದ ಮುಳುಗು ಸಾವು ತಡೆ ದಿನ. ಕೊಳ ಮುಚ್ಚಿರುವ, ಹೊಳೆ ತುಂಬಿರುವ ಹೊತ್ತು. ನಿಮ್ಮ ತರಬೇತುದಾರರನ್ನು ಶಾಲೆಗಳಿಗೆ ಕಳಿಸಿ, ಒಂದು ಹಗ್ಗ, ಒಂದು ಖಾಲಿ ಕ್ಯಾನು ಕೊಟ್ಟು.

ಕೈಲ್‌ಪೊಳ್ದ್ ಹಬ್ಬ (ಸೆಪ್ಟೆಂಬರ್ ಮೊದಲಿಗೆ) ಕಳೆದು ಬಿಸಿಲು ಇಣುಕಿದ ಮೊದಲ ವಾರ ಐದೂ ಪರೀಕ್ಷೆ ಮಾಡಿಸಿ: ಕ್ಷಾರಗುಣ, ಪಿಎಚ್, ಗಡಸುತನ, ಸೈನೂರಿಕ್, ಕ್ಲೋರಿನ್. ನೋಟ್‌ಬುಕ್ ಹಿಡಿದು ಜೂನ್‌ನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ, ಎಷ್ಟು ಕಿಲೋ ಸೋಡಾ, ಎಷ್ಟು ಕ್ಯಾಲ್ಸಿಯಂ ಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಸಾಮಾನು ಮೈಸೂರಿನಿಂದ ತರಿಸುವುದಾದರೆ ಆ ವಾರವೇ ಹೇಳಿಡಿ. ಫೆಬ್ರವರಿಯಲ್ಲಿ ನನಗೆ ಫೋನ್ ಮಾಡುವ ಅಗತ್ಯ ಬೀಳುವುದಿಲ್ಲ.